ಒಂದೇ ಸಲ ಕಲಿತವಳು

ಆಗ ನನಗೆ ಮೂವತ್ತನಾಲ್ಕು ವರ್ಷ. ಇದು ನಲವತ್ತು ವರ್ಷದ ಹಿಂದಿನ ಮಾತು. ಆ ವಯಸ್ಸಿಗೆ ನಾನು ರೇಷ್ಮೆ ಹುಳ ಸಾಕೋದನ್ನ ನಾಲ್ಕು ಸಲ ಹೊಸದಾಗಿ ಕಲಿತಿದ್ದೆ. ನನ್ನ ವಾರಗಿತ್ತಿಗೆ, ಅಂದರೆ ನನ್ನ ಮೈದುನನ ಹೆಂಡತಿಗೆ, ನನಗಿಂತ ಒಂದು ವರ್ಷ ಕಮ್ಮಿ. ಅವಳು ತನ್ನ ಕೆಲಸವನ್ನ ಒಂದು ಸಲ ಕಲಿತು ಅದರ ಮೇಲೇ ಕೂತಿದ್ದಳು. ಒಂದೇ ಮನೆ, ಒಂದೇ ಅತ್ತೆ, ಒಂದೇ ಒಲೆ. ಅವಳ ಪಾಲಿಗೆ ಕುರ್ಚಿ ಬಂತು, ನನ್ನ ಪಾಲಿಗೆ ಸೊಪ್ಪಿನ ಹೊರೆ ಬಂತು.

ಹೋದ ತಿಂಗಳು ಸತ್ತಳು. ಸಾಯಂಕಾಲ ಕಾಫಿ ಕುಡಿದು, ಲೋಟ ತೊಳೆದಿಟ್ಟು, ಗೋಡೆಗೆ ಒರಗಿದವಳು ಏಳಲಿಲ್ಲ. ನಾನು ಮಂಡಿಗೆ ಒಂದು ಡಾಕ್ಟರು, ಕಣ್ಣಿಗೆ ಒಂದು ಡಾಕ್ಟರು, ಸಕ್ಕರೆಗೆ ಇನ್ನೊಂದು ಡಾಕ್ಟರು ಅಂತ ಕೋಲಾರದ ಬಸ್ಸಿಗೆ ಹತ್ತಿ ಇಳಿದು ಸಾಕಾಗಿದ್ದೀನಿ. ಅವಳು ಸಾಯೋದನ್ನೂ ಒಂದೇ ಸಲಕ್ಕೆ ಮುಗಿಸಿದಳು. ತಿಥಿಯ ದಿನ ಬಂದವರೆಲ್ಲ ಅವಳನ್ನ ಹೊಗಳಿದರು. ಎಲೆ ಮುಂದೆ ಕೂತವರು ಹಾಗೇ ಮಾತಾಡೋದು. ನಾನು ಅವಳ ಜೊತೆ ಬದುಕಿದವಳು. ಒಗ್ಗರಣೆ ಹಾಕದೆ ಹೇಳ್ತೀನಿ.

ನಮ್ಮೂರು ಟೇಕಲ್ ಹತ್ತಿರ. ನಾನು ಯಲ್ದೂರು ಕಡೆಯಿಂದ ಬಂದವಳು, ಮೂರನೇ ಕ್ಲಾಸಿಗೆ ಇಸ್ಕೂಲು ಬಿಟ್ಟವಳು. ಅವಳು ಮುಳಬಾಗಿಲು ಕಡೆಯವಳು. ಅವರಪ್ಪ ಅವರೂರಿನ ಕೆರೆಯ ತೂಬು ನೋಡ್ಕೊಳ್ಳೋನು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಬಿಡೋನು. ಮಗಳನ್ನ ಕೋಲಾರದಲ್ಲಿ ಇಟ್ಟು ಬಿಎಸ್ಸಿ ಓದಿಸಿದ್ದ. ನಮ್ಮ ಮನೆಗೆ ಬಂದಾಗ ಅವಳ ಜೊತೆ ಒಂದು ಟ್ರಂಕು, ಒಂದು ಕೈಗಡಿಯಾರ, ಒಂದು ಕೆಲಸದ ಆರ್ಡರು ಬಂತು. ನನ್ನ ಜೊತೆ ಒಂದು ಹಸು ಬಂದಿತ್ತು. ಹಸು ಸತ್ತು ಎಷ್ಟೋ ವರ್ಷ ಆದಮೇಲೂ ಅವಳ ಗಡಿಯಾರ ಓಡ್ತಿತ್ತು.

ಕೆಲಸ ರೈಲು ಹಳಿ ಪಕ್ಕದ ಒಂದು ದೊಡ್ಡ ಫ್ಯಾಕ್ಟರಿಯಲ್ಲಿ. ಬೆಳಗಿನ ಪ್ಯಾಸೆಂಜರ್‌ಗೆ ಹೋಗಿ ಸಂಜೆ ಪ್ಯಾಸೆಂಜರ್‌ಗೆ ಬರೋಳು. ಅಲ್ಲಿ ಕಂಪ್ಯೂಟರ್ ಇತ್ತು. ಈಗ ಅದು ಕುರಿ ಕಾಯೋನ ಜೇಬಲ್ಲೂ ಇದೆ. ಆಗ ಅದಕ್ಕೆ ನಮ್ಮ ಹುಳದ ಮನೆಗಿಂತ ದೊಡ್ಡ ರೂಮು ಬೇಕಾಗಿತ್ತು. ಮೊದಲು ಅವಳಿಗೆ ರಟ್ಟಿನ ಚೀಟಿಗಳಿಗೆ ಯಂತ್ರದಲ್ಲಿ ತೂತು ಹೊಡೆಯೋ ಕೆಲಸ. ಆ ತೂತು ನೋಡಿ ಕಂಪ್ಯೂಟರ್ ವಿಷಯ ತಿಳ್ಕೊಳ್ಳೋದಂತೆ. ಆಮೇಲೆ ಒಳಗೇ ಪರೀಕ್ಷೆ ಕೊಟ್ಟು, ಆ ಯಂತ್ರಕ್ಕೆ ಏನು ಮಾಡಬೇಕು ಅಂತ ಬರೆದು ಹೇಳೋ ಕೆಲಸಕ್ಕೆ ಸೇರಿದಳು. ಕೋಬಾಲ್ ಅಂತ ಒಂದು ಭಾಷೆಯಂತೆ. ಫ್ಯಾಕ್ಟರಿಯ ಅಷ್ಟೂ ಜನರ ಸಂಬಳದ ಲೆಕ್ಕ ಆ ಭಾಷೆಯಲ್ಲಿ ಅವಳೇ ಬರೆದಿಟ್ಟಿದ್ದಳು.

ಒಂದು ದಿನ ಊಟಕ್ಕೆ ಕೂತಾಗ ನಮ್ಮತ್ತೆ ಕೇಳಿದರು. "ಆ ಯಂತ್ರಕ್ಕೆ ಬುದ್ಧಿ ಇದೆಯೇನೇ?"

"ಇಲ್ಲತ್ತೆ. ಹೇಳಿದ್ದು ಹೇಳಿದ ಹಾಗೆ ಮಾಡುತ್ತೆ. ಹೇಳದೇ ಇದ್ದದ್ದು ಮಾಡಲ್ಲ. ತಪ್ಪು ಹೇಳಿದ್ರೆ ತಪ್ಪೇ ಮಾಡುತ್ತೆ."

"ಅಚ್ಚಂ ಮಾ ಪೆದ್ದೋಡು" ಅಂದರು ಅತ್ತೆ, ತೆಲುಗಲ್ಲಿ. ಥೇಟ್ ನಮ್ಮ ದೊಡ್ಡೋನು ಅಂತ. ದೊಡ್ಡೋನು ಅಂದರೆ ನನ್ನ ಗಂಡ. ಪಕ್ಕದಲ್ಲೇ ಕೂತು ಮುದ್ದೆ ಮುರೀತಿದ್ದರು.

ಅವಳ ಬಾಯಲ್ಲಿ ಸದಾ ಒಂದು ಮಾತು. "ಅದು ನನ್ನ ಸೆಕ್ಷನ್ ಅಲ್ಲಕ್ಕ." ಫ್ಯಾಕ್ಟರಿಯಿಂದ ತಂದ ಮಾತು. ಕರು ಹಗ್ಗ ಬಿಚ್ಚಿಕೊಂಡರೆ ಅವಳ ಸೆಕ್ಷನ್ ಅಲ್ಲ. ಅಳಿಯ ಬಂದರೆ ಉಪಚಾರ ಅವಳ ಸೆಕ್ಷನ್ ಅಲ್ಲ. ಒಂದು ಭಾನುವಾರ ಮೇಕೆ ಬಂದು ಸೊಪ್ಪಿನ ತೋಟಕ್ಕೆ ಬಾಯಿ ಹಾಕಿತ್ತು. ಇವಳು ಬದುವಿನ ಮೇಲೆ ನಿಂತು, ಕೈ ಕಟ್ಟಿಕೊಂಡು, "ಅಕ್ಕಾ, ಮೇಕೆ" ಅಂತ ಕೂಗಿದಳು. ನಾನು ಒಲೆ ಬಿಟ್ಟು ಓಡಿ ಬರೋವರೆಗೂ ಮೇಕೆಯನ್ನ ನೋಡ್ತಾ ನಿಂತಿದ್ದಳು. ಓಡಿಸೋದಕ್ಕೆ ಏನು ಅಂತ ಕೇಳಿದರೆ, "ನಾನು ಓಡಿಸಿದ್ರೆ ನಾಳೆಯಿಂದ ಮೇಕೆ ಕಾಯೋದು ನನ್ನ ಕೆಲಸ ಆಗುತ್ತೆ" ಅಂದಳು. ಇಂಥ ಬುದ್ಧಿ ನನಗೆ ಮದುವೆಯಾದ ಹೊಸದರಲ್ಲೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಅಡಿಗೆಯೂ ಹಾಗೇ. ಅವಳಿಗೆ ಬರ್ತಿದ್ದದ್ದು ಹುರುಳಿಕಾಳಿನ ಬಸ್ಸಾರು ಒಂದೇ. ಬೇರೆ ಏನೂ ಕಲೀಲಿಲ್ಲ, ಕಲಿಸ್ತೀನಿ ಅಂದರೂ ಹತ್ತಿರ ಬರಲಿಲ್ಲ. ಭಾನುವಾರ ಅದನ್ನೇ ಮಾಡೋಳು. ವರ್ಷಗಟ್ಟಲೆ ಅದೊಂದನ್ನೇ ಮಾಡಿ ಮಾಡಿ ಅದು ಎಂಥ ರುಚಿಗೆ ಬಂತು ಅಂದರೆ ನೆಂಟರು ಭಾನುವಾರವೇ ನೋಡಿಕೊಂಡು ಬರೋರು. "ಚಿಕ್ಕ ಸೊಸೆ ಬಸ್ಸಾರು" ಅಂತ ಊರಲ್ಲಿ ಹೆಸರಾಯ್ತು. ನಾನು ವಾರದ ಮಿಕ್ಕ ದಿನವೆಲ್ಲ ಮಸ್ಸೊಪ್ಪು, ಉಪ್ಪುಸಾರು, ಕೋಳಿ ಸಾರು, ಒಬ್ಬಟ್ಟು, ಕಡುಬು ಎಲ್ಲಾ ಮಾಡ್ತಿದ್ದೆ. ದೊಡ್ಡ ಸೊಸೆ ಸಾರು ಅಂತ ಒಬ್ಬರೂ ಅಂದದ್ದಿಲ್ಲ. ಎಲ್ಲವನ್ನೂ ಮಾಡೋಳು ಯಾರ ಕಣ್ಣಿಗೂ ಬೀಳೋದಿಲ್ಲ, ತಿಳ್ಕೊಳ್ಳಿ.

ಸೀರೆ ತಗೊಂಡರೂ ಒಂದೇ ಥರದ್ದು, ಬಣ್ಣ ಮಾತ್ರ ಬೇರೆ. ರೈಲಲ್ಲಿ ಒಂದೇ ಕಿಟಕಿ. ನೀವು ಮಾತಾಡುವಾಗ ಗದ್ದ ಸ್ವಲ್ಪ ಮೇಲೆತ್ತಿ ಒಂದು ಕಣ್ಣು ಕಿರಿದು ಮಾಡಿ ಕೇಳೋಳು, ತಕ್ಕಡಿಯಲ್ಲಿ ಇಟ್ಟು ತೂಗಿದ ಹಾಗೆ. ಕೇಳಿ ಮುಗಿದ ಮೇಲೆ ಬೇಕಾದರೆ ಬೇಕು ಅನ್ನೋಳು, ಬೇಡದಿದ್ದರೆ ಬೇಡ. ಯೋಚನೆ ಮಾಡಿ ಹೇಳ್ತೀನಿ ಅನ್ನೋ ಮಾತು ಅವಳ ಬಾಯಲ್ಲಿ ಬರಲಿಲ್ಲ.

ನನ್ನ ಕಥೆ ಹೇಳ್ತೀನಿ. ನಾನು ಮದುವೆಯಾಗಿ ಬಂದಾಗ ನಮ್ಮಲ್ಲಿ ಹಳೇ ಮೈಸೂರು ತಳಿಯ ಹುಳ. ಹಳದಿ ಗೂಡು ಕಟ್ಟೋದು. ಅತ್ತೆ ಕಲಿಸಿದರು, ಕಲಿತೆ. ಆಮೇಲೆ ರೇಷ್ಮೆ ಇಲಾಖೆಯವರು ಮಿಶ್ರ ತಳಿ ತಂದರು. ಅದಕ್ಕೆ ಗಾಳಿ ಬೇರೆ, ಸೊಪ್ಪು ಬೇರೆ. ಕಲಿತೆ. ಸೊಪ್ಪಿನ ಗಿಡವನ್ನೇ ಬದಲಾಯಿಸಿ ಅಂದರು. ಇದ್ದ ಹಿಪ್ಪುನೇರಳೆ ಕಿತ್ತು ಹೊಸ ಕಡ್ಡಿ ನೆಟ್ಟೆವು. ಆಮೇಲೆ ಎಲ್ಲಿಂದಲೋ ಊಜಿ ನೊಣ ಬಂತು. ಹುಳದ ಮೈಮೇಲೆ ಮೊಟ್ಟೆ ಇಟ್ಟು ಒಳಗಿಂದ ತಿಂದು ಹಾಕೋದು. ಕಿಟಕಿಗೆ ಬಲೆ, ಬಾಗಿಲಿಗೆ ಪರದೆ, ಹುಳಕ್ಕೆ ಪುಡಿ. ಅದನ್ನೂ ಕಲಿತೆ. ಒಂದೊಂದು ಸಲ ಕಲಿಯುವಾಗಲೂ ಒಂದು ಬೆಳೆ ಹಾಳಾಗೋದು. ಹೊಸದನ್ನ ಕಲಿಯೋ ಫೀಸು ಅದು.

ನನ್ನ ಕೈಗೆ ಒಂದೇ ಒಂದು ಹೆಸರಿತ್ತು. ಚಾಕಿಯಲ್ಲಿ ನನ್ನ ಹುಳ ಸಾಯ್ತಿರಲಿಲ್ಲ. ಮೊಟ್ಟೆ ಒಡೆದ ದಿನದಿಂದ ಎರಡನೇ ಜ್ವರದ ತನಕ ನಾವು ಚಾಕಿ ಅಂತೀವಿ. ಹುಳ ಪೊರೆ ಬಿಡೋದಕ್ಕೆ ಮುಂಚೆ ತಿನ್ನೋದು ನಿಲ್ಲಿಸಿ ತಲೆ ಎತ್ತಿಕೊಂಡು ನಿಂತುಬಿಡುತ್ತೆ, ಅದಕ್ಕೆ ಜ್ವರ ಅನ್ನೋದು. ಮೇಲಿನ ಮನೆಯವಳು ತನ್ನ ಮೊಟ್ಟೆ ಹಾಳೆ, ಅಂದರೆ ಹುಳದ ಮೊಟ್ಟೆ ಅಂಟಿರೋ ಕಾಗದ, ಕೈಯಲ್ಲಿ ಹಿಡ್ಕೊಂಡು ಬಂದು, "ನಿನ್ನ ಕೈಲಿ ಮರಿ ಮಾಡ್ಕೊಡೇ, ನನ್ನ ಕೈಲಿ ಅರ್ಧ ಒಣಗಿಹೋಗ್ತವೆ" ಅನ್ನೋಳು. ಬಾಯಿ ಮಾತಿಗೆ ಮಾಡಿಕೊಡ್ತಿದ್ದೆ. ಅದನ್ನ ಒಂದು ಕೆಲಸ ಅಂತ ನಾನೇ ಎಣಿಸಿರಲಿಲ್ಲ.

ಹುಳದ ತಟ್ಟೆಗೆ ಹಾಸೋ ಕಾಗದ ಮಾತ್ರ ವಾರಗಿತ್ತಿ ತರೋಳು. ಫ್ಯಾಕ್ಟರಿಯಲ್ಲಿ ಬೇಡ ಅಂತ ಬಿಸಾಕಿದ್ದು, ಅಗಲದ ಕಾಗದ, ಎರಡು ಅಂಚಿಗೂ ತೂತು. ಯಾರದೋ ಸಂಬಳದ ಮೇಲೆ ನನ್ನ ಮರಿಗಳು ಮೇಯ್ದು ಹಿಕ್ಕೆ ಹಾಕೋವು. ಅವಳು ನಮ್ಮ ಹುಳದ ಮನೆಗೆ ಮಾಡಿದ ಉಪಕಾರ ಅದೊಂದೇ. ಹುಳ ನಾಲ್ಕನೇ ಜ್ವರ ಎದ್ದು ಹಗಲೂ ರಾತ್ರಿ ಕರಕರ ಅಂತ ಮೇಯೋವಾಗ, ಮನೆಮಂದಿಯೆಲ್ಲ ಸೊಪ್ಪು ಹೊರೋವಾಗ, ಅವಳಿಗೆ ತಿಂಗಳ ಕೊನೆ ಇರೋದು. "ಸಂಬಳದ ಹೊತ್ತಕ್ಕ" ಅಂತ ಮಲಗೋಳು. ಗೊರಕೆ ಬೇರೆ.

ಒಂದು ಸಲ ಆಯುಧಪೂಜೆಗೆ ಫ್ಯಾಕ್ಟರಿಗೆ ಕರ್ಕೊಂಡು ಹೋದಳು. ಅವತ್ತು ಮನೆಯವರನ್ನ ಒಳಗೆ ಬಿಡೋರು. ದೊಡ್ಡ ದೊಡ್ಡ ಯಂತ್ರಕ್ಕೆಲ್ಲ ಬಾಳೆಕಂದು, ಚೆಂಡುಹೂವು, ಬಾಗಿಲಲ್ಲಿ ಒಡೆದ ಬೂದುಗುಂಬಳ. ಕಂಪ್ಯೂಟರ್ ರೂಮಿನ ಮುಂದೆ ಚಪ್ಪಲಿ ಬಿಡಿ ಅಂದರು. ನಾನು ಹುಳದ ಮನೆ ಮುಂದೆ ಚಪ್ಪಲಿ ಬಿಡಿಸ್ತೀನಲ್ಲ, ಹಾಗೆ. ಒಳಗೆ ಹೋದರೆ ಮೈ ಜುಂ ಅಂತು. ಗೋಡೆಯಲ್ಲಿ ಪೆಟ್ಟಿಗೆಗಳು ತಣ್ಣನೆ ಗಾಳಿ ಊದ್ತಿವೆ.

"ಇಷ್ಟು ಚಳಿ ಯಾಕೆ?" ಅಂದೆ.

"ಸೆಕೆ ಆದರೆ ಇದು ಕೆಟ್ಟುಹೋಗುತ್ತಕ್ಕ. ಧೂಳೂ ಆಗಲ್ಲ."

ನನ್ನ ಹುಳಕ್ಕೂ ಸೆಕೆ ಆಗಲ್ಲ, ಧೂಳು ಆಗಲ್ಲ. ನಾನು ಬೇಸಿಗೆಯಲ್ಲಿ ಗೋಣಿಚೀಲ ನೆನೆಸಿ ನೆನೆಸಿ ಬಾಗಿಲಿಗೆ ಕಟ್ಟಿ ಸೊಂಟ ಮುರ್ಕೊಳ್ತಿದ್ದೆ. ಇವಳು ಪೆಟ್ಟಿಗೆ ಕೆಳಗೆ ಸ್ವೆಟರ್ ಹಾಕ್ಕೊಂಡು ಕೂರೋಳು. ಮೇ ತಿಂಗಳಲ್ಲಿ ಸ್ವೆಟರ್ ತಗೊಂಡು ರೈಲು ಹತ್ತೋಳನ್ನ ನೋಡಿ ಊರವರು ನಗ್ತಿದ್ದರು. ನನಗೆ ಅವತ್ತು ನಗು ಬರಲಿಲ್ಲ.

ಅಲ್ಲಿ ದೊಡ್ಡ ಆಫೀಸರಿಂದ ಹಿಡಿದು ಗೇಟಿನವನವರೆಗೆ ಎಲ್ಲರೂ ಅವಳಿಗೆ ನಮಸ್ಕಾರ ಮಾಡೋರು. ಸಂಬಳದಮ್ಮ ಅಂತ ಕರೆಯೋರು. ಮೂಲೆಯ ಮೇಜಿನಲ್ಲಿ ಒಬ್ಬ ಸಣಕಲು ಮನುಷ್ಯ, ಮುಂದೆ ದಪ್ಪ ದಪ್ಪ ಪುಸ್ತಕ, ಹಬ್ಬದ ದಿನವೂ ಓದ್ತಾ ಕೂತಿದ್ದ. ಯಾರು ಅಂತ ಕಣ್ಣಲ್ಲೇ ಕೇಳಿದೆ.

"ಅವರು ಬಹಳ ಬುದ್ಧಿವಂತರಕ್ಕ. ಹೊಸ ಭಾಷೆ ಯಾವುದು ಬಂದರೂ ಅವರನ್ನೇ ಟ್ರೈನಿಂಗಿಗೆ ಕಳಿಸ್ತಾರೆ. ಅವರು ಕಲಿತು ಬರೋ ಹೊತ್ತಿಗೆ ಅದು ಹೋಗಿ ಇನ್ನೊಂದು ಬಂದಿರುತ್ತೆ."

ಆ ಮನುಷ್ಯ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡ. ಕನ್ನಡಿ ನೋಡಿದ ಹಾಗಾಯ್ತು ನನಗೆ. ಪ್ರಸಾದ ಇಸ್ಕೊಂಡು ಹೊರಗೆ ಬಂದೆ.

ಇನ್ನು ನನಗೆ ಮೂವತ್ತನಾಲ್ಕು ಆದ ವರ್ಷದ ವಿಷಯ. ಆ ಸಲ ಇಲಾಖೆಯಿಂದ ಹೊಸ ಹುಡುಗ ಬಂದಿದ್ದ, ಡೆಮಾನ್‌ಸ್ಟ್ರೇಟರ್ ಅಂತ. ಬಿಳೀ ಗೂಡಿನ ತಳಿ, ನೂಲು ಉದ್ದ ಬರುತ್ತೆ, ಮಾರ್ಕೆಟ್ಟಲ್ಲಿ ಒಳ್ಳೇ ರೇಟು ಅಂತ ನಮ್ಮ ಮನೆಯವರ ತಲೆಗೆ ತುಂಬಿದ. ಮೊಟ್ಟೆ ತಂದರು. ಚಾಕಿ ದಾಟಿಸಿದೆ, ಒಂದು ಹುಳ ಸಾಯಲಿಲ್ಲ. ಮೂರನೇ ಜ್ವರ ದಾಟಿತು. ನಾಲ್ಕನೆಯದೂ ದಾಟಿತು. ಬೆರಳು ದಪ್ಪ ಹುಳ, ನೋಡೋಕೆ ಎರಡು ಕಣ್ಣು ಸಾಲದು.

ಹುಳ ಹಣ್ಣಾಗಬೇಕು. ಹಣ್ಣಾದ ಹುಳವನ್ನ ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಅಂದರೆ ಗೂಡು ಕಟ್ಟೋಕೆ ಬಿದಿರಲ್ಲಿ ಸುರುಳಿ ಸುರುಳಿ ಹೆಣೆದ ತಟ್ಟೆ. ನಾನು ಕಲಿತಿದ್ದು, ನಮ್ಮತ್ತೆ ಕಲಿತಿದ್ದು, ಅವರತ್ತೆ ಕಲಿತಿದ್ದು ಒಂದೇ: ಹುಳ ಹಣ್ಣಾಗೋದು ಅಂದರೆ ಮಾವಿನಹಣ್ಣಿನ ಹಾಗೆ ಹಳದಿಗೆ ತಿರುಗೋದು. ನಾನು ಹಳದಿಗೆ ಕಾದೆ. ಸೊಪ್ಪು ಹಾಕಿದೆ, ಕಾದೆ. ಹುಳ ತಿನ್ನಲಿಲ್ಲ. ಹೊಟ್ಟೆ ಕೆಟ್ಟಿರಬೇಕು ಅಂತ ಇನ್ನೂ ಎಳೆ ಸೊಪ್ಪು ತಂದು ಮೇಲೆ ಹಾಕಿದೆ. ಬಿಳೀ ಗೂಡಿನ ಹುಳ ಹಳದಿಗೆ ತಿರುಗಲ್ಲ, ಬರೀ ತಿಳಿಯಾಗುತ್ತೆ, ಗಂಜಿ ತಿಳಿಯಾದ ಹಾಗೆ. ಅದನ್ನ ಆ ಹುಡುಗ ಹೇಳಲಿಲ್ಲ, ನಾನು ಕೇಳಲಿಲ್ಲ. ಮಾರನೇ ದಿನ ಸೊಪ್ಪು ಎತ್ತಿ ನೋಡಿದರೆ ಅಷ್ಟೂ ಹುಳ ಕಸದಲ್ಲೇ, ಹಿಕ್ಕೆಯಲ್ಲೇ, ಎರಡೆರಡು ಮೂರ್ಮೂರು ಸೇರಿ ಗೂಡು ಕಟ್ಟಿ ಕೂತಿದ್ದವು. ಕಲೆ ಬಿದ್ದ ಗೂಡು, ಚಪ್ಪಟೆ ಗೂಡು. ಮಾರ್ಕೆಟ್ಟಿಗೆ ತಗೊಂಡು ಹೋದರೆ ಕೊಳ್ಳೋರು ಕೈ ಹಾಕಿ ನೋಡಿ ನಕ್ಕು ಮುಂದೆ ಹೋದರಂತೆ.

ಹುಡುಗ ಬಂದು ನೋಡಿ, "ಏನಮ್ಮಾ, ಹಣ್ಣಾಗಿರೋದು ಗೊತ್ತಾಗಲಿಲ್ವಾ? ಎಷ್ಟು ವರ್ಷದಿಂದ ಸಾಕ್ತಿದ್ದೀರ?" ಅಂದ.

"ಈ ತಳಿನ ಒಂದು ತಿಂಗಳಿಂದ" ಅಂದೆ.

ನಮ್ಮ ಮನೆಯವರು ಅವತ್ತೇ ತೀರ್ಮಾನ ಮಾಡಿದರು. ಸೊಪ್ಪಿನ ತೋಟ ಪೂರ್ತಿ ಕಿತ್ತು ನೀಲಗಿರಿ ಹಾಕೋದು. ಆಗ ಊರೆಲ್ಲ ಅದೇ. "ಸಸಿ ಸರ್ಕಾರದೋರೇ ಕೊಡ್ತಾರೆ. ನೆಟ್ಟು ಬಿಟ್ರೆ ಮುಗೀತು. ನೀರು ಕೇಳಲ್ಲ, ಮೇಕೆ ಮುಟ್ಟಲ್ಲ. ಲಾರಿಯವನೇ ಬಂದು ಕಡ್ಕೊಂಡು ಹೋಗ್ತಾನೆ. ಕಲಿಯೋದು ಏನೂ ಇಲ್ಲ ಕಣೇ ಅದರಲ್ಲಿ" ಅಂದರು. ಗಾಡಿ ಕಟ್ಟಿ ಸಸಿ ತರೋಕೆ ದಿನವೂ ಗೊತ್ತಾಯ್ತು.

ಅವರಿಗೆ ಮುಗೀತು. ನನಗೆ? ತೋಟ ಹೋದರೆ ಹುಳ ಹೋಯ್ತು. ಹುಳ ಹೋದರೆ ನಾನು ಮಾಲೂರಿನ ಹೆಂಚಿನ ಫ್ಯಾಕ್ಟರಿಗೆ ಮಣ್ಣು ಹೊರೋಕೆ ಹೋಗಬೇಕು. ನಮ್ಮೂರಿನ ಹೆಂಗಸರು ಹೋಗ್ತಿದ್ದರು. ಅಲ್ಲಿ ಐದನೇ ಸಲ ಮೊದಲಿಂದ ಶುರು ಮಾಡಬೇಕು, ನನಗಿಂತ ಚಿಕ್ಕವಳ ಕೈಲಿ ಬೈಸ್ಕೊಂಡು.

ಸಸಿ ತರೋ ಹಿಂದಿನ ದಿನ ಸಂಜೆ ಮನೆಯಲ್ಲಿ ಇನ್ನೊಂದು ಗಲಾಟೆ. ಮೈದುನ ಹೆಂಡತಿ ಮೇಲೆ ಕೂಗಾಡ್ತಿದ್ದ. ಫ್ಯಾಕ್ಟರಿಗೆ ಹೊಸ ಕಂಪ್ಯೂಟರ್ ಬರ್ತಿದೆಯಂತೆ, ಚಿಕ್ಕದು, ಮೇಜಿನ ಮೇಲೆ ಕೂರೋದು. ಅದರ ಕೆಲಸ ಕಲಿಯೋಕೆ ಇವಳನ್ನ ಬೆಂಗಳೂರಿಗೆ ಕಳಿಸ್ತೀವಿ, ಪ್ರಮೋಷನ್ ಕೊಡ್ತೀವಿ ಅಂದರಂತೆ. ಇವಳು ಬೇಡ ಅಂದುಬಿಟ್ಟಿದ್ದಳು.

"ಕೇಳಿ ಅತ್ತಿಗೆ" ಅಂತ ಮೈದುನ ನನ್ನ ಕಡೆ ತಿರುಗಿದ. "ಆಫೀಸರಾಗಬಹುದಾಗಿತ್ತು. ನನಗೆ ಇದ್ದದ್ದೇ ಸಾಕು ಅಂತ ಬಂದಿದ್ದಾಳೆ. ತಲೆ ನೆಟ್ಟಗಿದೆಯಾ ಇವಳಿಗೆ?"

ಅವಳು ಗದ್ದ ಎತ್ತಿ ಕೇಳಿಸಿಕೊಂಡು, ಚೊಂಬು ತಗೊಂಡು ಕೈಕಾಲು ತೊಳೆಯೋಕೆ ಹಿತ್ತಲಿಗೆ ಹೋದಳು. ನಾನು ಹಿಂದೆಯೇ ಹೋದೆ. ನನಗೆ ಯಾರಾದರೂ ಬೇಕಾ ಅಂತ ಕೇಳಿದ್ದುಂಟಾ? ತಳಿ ಬೇಕಾ, ಕಡ್ಡಿ ಬೇಕಾ, ನೀಲಗಿರಿ ಬೇಕಾ ಅಂತ? ತಂದು ಮುಂದೆ ಸುರಿಯೋರು, ನಾನು ಕಲಿಯೋದು. ಬೇಡ ಅನ್ನೋಕೂ ಹಣೇಲಿ ಬರೆದಿರಬೇಕು.

"ನಿನಗೇನಮ್ಮಾ" ಅಂದೆ. "ಒಂದು ಸಲ ಕಲಿತೆ, ಕೂತ್ಕೊಂಡು ತಿಂತಿದ್ದೀಯ. ಬಂದ ಲಕ್ಷ್ಮೀನ ಕಾಲಲ್ಲಿ ಒದೀತೀಯ."

ಅವಳು ಹಿಮ್ಮಡಿ ಉಜ್ಜುತ್ತಾ, "ಕಲಿತಿದ್ದೇನು ಮಹಾ, ಅಕ್ಕ. ಆರಿಸ್ಕೊಂಡಿದ್ದು ದೊಡ್ಡದು" ಅಂದಳು.

"ಏನು ಆರಿಸ್ಕೊಂಡೆ?"

"ಆ ಪರೀಕ್ಷೆ ಪಾಸಾದಾಗ ನಮ್ಮನ್ನೆಲ್ಲ ಕೂರಿಸಿ ಯಾರು ಏನು ತಗೋತೀರ ಅಂತ ಕೇಳಿದ್ರು. ಯಂತ್ರದ ಡಿಸೈನು ಅಂತೆ, ಪ್ಲಾನಿಂಗ್ ಅಂತೆ. ಗಂಡಸರೆಲ್ಲ ಅದಕ್ಕೆ ಮುಗಿಬಿದ್ರು. ಸಂಬಳದ ಲೆಕ್ಕ ಯಾರಿಗೂ ಬೇಡ, ಅದು ಗುಮಾಸ್ತರ ಕೆಲಸ ಅಂತ. ನಾನು ಯೋಚನೆ ಮಾಡಿದೆ. ನಾಳೆ ಈ ಫ್ಯಾಕ್ಟರೀಲಿ ಏನೇ ಬದಲಾಗಲಿ, ಏನು ಬದಲಾಗಲ್ಲ? ಒಂದನೇ ತಾರೀಕು ಸಂಬಳ ಕೊಡಲೇಬೇಕು. ಅದನ್ನ ಹಿಡ್ಕೊಂಡೆ. ಆಮೇಲೆ ಯಂತ್ರವೇ ಹಳೇದು ಹೋಗಿ ಹೊಸದು ಬಂತು. ನಾನು ಬರೆದಿದ್ದು ಹಾಗೇ ಓಡ್ತಿದೆ. ಡಿಎ ಏರಿದ್ರೆ ನಾಲ್ಕು ಸಾಲು ತಿದ್ದಿ ಮನೆಗೆ ಬರ್ತೀನಿ. ನಮ್ಮಪ್ಪ ಹೇಳ್ತಿದ್ದ, ಬೆಳೆ ಯಾವುದಾದರೂ ಹಾಕ್ಲಿ, ನೀರು ಬಿಡೋನನ್ನ ಕೇಳಲೇಬೇಕು ಅಂತ."

ನನಗೆ ರೇಗಿತು. "ಬೋರ್‌ವೆಲ್ ಹಾಕಿದ ಮೇಲೆ ನಿಮ್ಮಪ್ಪನ್ನ ಯಾರು ಕೇಳಿದ್ರು?"

ಚುಚ್ಚಬೇಕು ಅಂತಲೇ ಚುಚ್ಚಿದ್ದು. ಅವರಪ್ಪ ಆಗ ಕೆರೆ ಕಟ್ಟೆ ಮೇಲೆ ಸುಮ್ಮನೆ ಬೀಡಿ ಸೇದ್ತಾ ಕೂರ್ತಿದ್ದ, ಎಲ್ಲರಿಗೂ ಗೊತ್ತಿತ್ತು. ಅವಳು ಚೊಂಬು ಕೆಳಗಿಟ್ಟಳು.

"ಅದಕ್ಕೇ ನಾನು ನೀರು ಹಿಡೀಲಿಲ್ಲ, ಸಂಬಳ ಹಿಡಿದೆ" ಅಂದಳು.

ಆಮೇಲೆ ಅವಳೇ ಕೇಳಿದಳು. "ನಿನ್ನ ಹುಳದ ಕೆಲಸದಲ್ಲಿ ಬದಲಾಗದೇ ಇರೋದು ಯಾವುದಕ್ಕ?"

"ಏನಿದೆ? ಎಲ್ಲಾ ಬದಲಾಗುತ್ತೆ. ತಳಿ, ಸೊಪ್ಪು, ಔಷಧಿ. ಹಣ್ಣಾಗೋ ಬಣ್ಣವೂ ಬದಲಾಯ್ತು."

"ಮರಿ?"

"ಮರಿಗೇನು. ಮರಿ ಯಾವ ತಳೀದಾದ್ರೂ ಇರುವೆ ಥರ ಕರ್ರಗೆ ಇರುತ್ತೆ. ಎಳೇ ಸೊಪ್ಪು ಸಣ್ಣಗೆ ಹೆಚ್ಚಿ ಹಾಕಬೇಕು, ತಣ್ಣಗಿಡಬೇಕು, ಇರುವೆ ಬರದ ಹಾಗೆ ನೋಡ್ಕೋಬೇಕು, ಎರಡು ಜ್ವರ ದಾಟಬೇಕು. ಅಷ್ಟೇ."

"ನೀನು ಮದುವೆಯಾಗಿ ಬಂದಾಗಲೂ ಅಷ್ಟೇನಾ?"

"ಅಷ್ಟೇ."

ಅವಳು ಸೆರಗಲ್ಲಿ ಕಾಲು ಒರೆಸ್ಕೊಂಡು ಎದ್ದಳು. "ಮಿಕ್ಕಿದ್ದು ನಿನ್ನ ಸೆಕ್ಷನ್ ಅಲ್ಲ ಅನ್ನು" ಅಂತ ಹೇಳಿ ಒಳಗೆ ಹೋದಳು. ಅಷ್ಟು ದೊಡ್ಡ ಮಾತು ಹೇಳಿದವಳು ಒಳಗೆ ಹೋಗಿ ತಟ್ಟೆ ಹಾಕ್ಕೊಂಡು ಮುದ್ದೆ ತಿಂದಳು. ನಾನು ಬಾವಿಕಟ್ಟೆ ಮೇಲೆ ಕೂತೆ. ಅವಳು ಹೇಳಿದ್ದು ಸರಿ ಅಂತ ನನಗೆ ಸಮಾಧಾನ ಆಗಲಿಲ್ಲ. ಇಷ್ಟು ವರ್ಷ ನನ್ನ ಕೈಯಲ್ಲೇ ಇದ್ದದ್ದನ್ನ ಅವಳು ಕಾಲು ತೊಳೆಯೋಷ್ಟು ಹೊತ್ತಲ್ಲಿ ಕಂಡಳಲ್ಲ ಅಂತ ಇನ್ನಷ್ಟು ಉರೀತು.

ಮೊನ್ನೆ ಅವಳ ತಿಥಿಗೆ ಆ ಸಣಕಲು ಮನುಷ್ಯ ಬಂದಿದ್ದ, ಫ್ಯಾಕ್ಟರಿಯ ಪುಸ್ತಕದವನು. ಈಗ ಹಣ್ಣು ಮುದುಕ. ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, "ನಾನು ಎಷ್ಟು ಭಾಷೆ ಕಲಿತೆ ಅನ್ನೋದು ನನಗೇ ಮರೆತುಹೋಗಿದೆಯಮ್ಮ. ನನ್ನ ರಿಟೈರ್ಮೆಂಟಿಗೆ ಒಂದು ಹಾರ ಹಾಕಿ ಕಳಿಸಿದ್ರು. ಇವರನ್ನ ರಿಟೈರ್ ಆದಮೇಲೂ ಕಾರು ಕಳಿಸಿ ಕರೆಸ್ಕೊಳ್ತಿದ್ರು. ಆ ಹಳೇ ಭಾಷೆ ಓದೋಕೆ ಬೇರೆ ಯಾರೂ ಇರಲಿಲ್ಲ" ಅಂದ. ಹೌದು, ಕಾರು ಬರ್ತಿತ್ತು. ನಮ್ಮ ಬೀದಿಗೆ ಬಂದು ನಿಲ್ಲುತ್ತಿತ್ತು. ಡ್ರೈವರ್ ಇಳಿದು ಬಾಗಿಲು ತೆಗೀತಿದ್ದ. ನಾನು ಜಗಲಿ ಮೇಲೆ ಕೂತು ನೋಡ್ತಿದ್ದೆ. ಆ ಹೊತ್ತಿಗೆ ನನ್ನ ಬಾಗಿಲಿಗೂ ನಂಗಲಿ ಕಡೆಯಿಂದೆಲ್ಲ ಮೋಟಾರ್ ಬೈಕಿನಲ್ಲಿ ಜನ ಬರ್ತಿದ್ದರು, ದುಡ್ಡು ಕೊಟ್ಟು ಚಾಕಿ ಹುಳ ತಗೊಂಡು ಹೋಗೋಕೆ. ಆದರೂ ಬೈಕು ಬೈಕೇ, ಕಾರು ಕಾರೇ.

ಮುದುಕ ಕಣ್ಣು ಒರೆಸ್ಕೊಂಡ. "ನಿಮಗೂ ಬಹಳ ದುಃಖ ಆಗಿರಬೇಕು" ಅಂದ. ಬಸ್ಸಾರು ಬಡಿಸ್ತಿದ್ದಾರೆ, ಎಲೆಗೆ ನಡೀರಿ ಅಂದೆ. ಅವತ್ತಿನ ಬಸ್ಸಾರು ನಾನು ಮಾಡ್ಸಿದ್ದು. ಚೆನ್ನಾಗಿತ್ತು. ಅವರ ಕೈ ರುಚಿ ಇಲ್ಲ ಅಂತ ಎಲ್ಲರೂ ಅಂದರು.

ಹಿತ್ತಲಲ್ಲಿ ಆ ಮಾತಾದ ಮಾರನೇ ಬೆಳಿಗ್ಗೆ ನಮ್ಮ ಮನೆಯವರು ಸಸಿ ತರೋಕೆ ಗಾಡಿ ಕಟ್ತಿದ್ದರು. ನಾನು ನೊಗದ ಮುಂದೆ ನಿಂತೆ.

"ದಿಬ್ಬದ ಮೇಲಿನ ತೋಟದಷ್ಟಕ್ಕೆ ಸಸಿ ತನ್ನಿ. ಬಾವಿ ಪಕ್ಕದ ತುಂಡು ನಂದು. ಅದರಲ್ಲಿ ಒಂದು ಕಡ್ಡಿ ಕೀಳಬೇಡಿ."

"ಅಷ್ಟು ಸೊಪ್ಪಲ್ಲಿ ಎಷ್ಟು ಹುಳ ಮೇಯಿಸ್ತೀಯೆ? ಹಣ್ಣಾಗೋ ಹೊತ್ತಿಗೆ ಉಪವಾಸ ಸಾಯ್ತವೆ."

"ನನ್ನ ಮನೇಲಿ ಇನ್ನು ಹುಳ ಹಣ್ಣಾಗಲ್ಲ" ಅಂದೆ.

ಅವರು ಬಾಯಿ ಬಿಟ್ಕೊಂಡು ನೋಡಿದರು. ಹೇಳಿದ್ದು ಹೇಳಿದ ಹಾಗೆ ಮಾಡೋ ಮನುಷ್ಯ, ದಿಬ್ಬದ ಲೆಕ್ಕಕ್ಕೇ ಸಸಿ ತಂದರು. ಅದು ಆಮೇಲಿನ ಮಾತು. ನಾನು ಹುಳದ ಮನೆಗೆ ಹೋಗಿ ಗೋಡೆಗೆ ಒರಗಿಸಿದ್ದ ಚಂದ್ರಿಕೆಗಳನ್ನೆಲ್ಲ ಹೊರಗೆ ತಂದೆ. ಅತ್ತೆ ಕಾಲದ್ದು, ನಾನು ಮಾಡಿಸಿದ್ದು, ಎಲ್ಲಾ. ಹಗ್ಗದಲ್ಲಿ ಬಿಗಿದು ತಲೆ ಮೇಲೆ ಇಟ್ಕೊಂಡೆ. ಅತ್ತೆ ಜಗಲಿಯಿಂದ "ಎಕ್ಕಡಿಕೇ ಅವಿ?" ಅಂದರು, ಎಲ್ಲಿಗೆ ಅವು ಅಂತ. ನಾನು ಬೀದಿಗಿಳಿದೆ.

ಬೀದಿ ತಿರುವಿನಲ್ಲಿ ವಾರಗಿತ್ತಿ ಸಿಕ್ಕಳು, ಕೈಯಲ್ಲಿ ಊಟದ ಡಬ್ಬಿ, ತೋಳ ಮೇಲೆ ಸ್ವೆಟರು. ಚಂದ್ರಿಕೆ ನೋಡಿದಳು, ನನ್ನ ಮುಖ ನೋಡಿದಳು. ಗದ್ದ ಮೇಲೆತ್ತಿ ಒಂದು ಕಣ್ಣು ಕಿರಿದು ಮಾಡಿದಳು.

"ಎಲ್ಲಿಗಕ್ಕ?"

"ರೈಲಿಗೆ ಹೊತ್ತಾಗುತ್ತೆ, ಹೋಗು. ಬರೋವಾಗ ಕಾಗದ ಜಾಸ್ತಿ ತಗೊಂಡು ಬಾ" ಅಂದೆ.

ಅವಳು ಸ್ಟೇಷನ್ ಕಡೆ ಇಳಿದಳು. ನಾನು ಮೇಲಿನ ಮನೆಗೆ ಹತ್ತಿ, ಬಾಗಿಲಲ್ಲಿ ಚಂದ್ರಿಕೆ ಹೊರೆ ಇಳಿಸಿ, ಒಳಗಿದ್ದವಳನ್ನ ಕರೆದೆ. "ಇವು ನೀನೇ ಇಟ್ಕೋ. ನಿನ್ನ ಮೊಟ್ಟೆ ಹಾಳೆ ಕೊಡು ಇಲ್ಲಿ."